ಯಜಮಾನನಿಲ್ಲದ ನಾಣ್ಯ

"ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡಬೇಡಿ" ಎಂದು ಹೇಳಿ ಎಕ್ಸ್‌ರೇ ಕೋಣೆಯ ಸೀಸದ ಹಲಗೆಯ ಮರೆಗೆ ಬಂದು ಗುಂಡಿ ಒತ್ತುವಾಗ ಅವನು ತಾನೂ ಉಸಿರು ಹಿಡಿದಿರುತ್ತಿದ್ದ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ, ಹತ್ತೊಂಬತ್ತು ವರ್ಷದ ಅಭ್ಯಾಸ. ಆಸ್ಪತ್ರೆಯಲ್ಲಿ ಅವನ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಗೇಟು ಕಾಯುವವನಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರ ಬಾಯಲ್ಲೂ ಅವನು ಉಸಿರಪ್ಪ. ಆವತ್ತು ಬೆಳಗ್ಗೆ ಮೊದಲು ಬಂದ ಮುದುಕಿ, ಮಣಿಕಟ್ಟು ಊದಿಸಿಕೊಂಡು ಬಂದವಳು, "ಕೈಯ ಫೋಟೋಗೆ ಉಸಿರು ಯಾಕಪ್ಪ ಹಿಡೀಬೇಕು?" ಎಂದು ಕೇಳಿದಾಗ ಅವನಿಗೆ ನಾಚಿಕೆಯಾಯಿತು. ನಿಜ, ಕೈಗೆ ಬೇಕಾಗಿರಲಿಲ್ಲ. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತ್ತು, ಮನಸ್ಸು ಮೇಜಿನ ಮೇಲಿದ್ದ ಹಾಳೆಯ ಕಡೆಗಿತ್ತು. ವಾರ್ಡಿನ ದೊಡ್ಡ ಸಿಸ್ಟರ್ ತಮ್ಮ ದುಂಡು ಅಕ್ಷರದಲ್ಲಿ ಬರೆದು ಕಳಿಸಿದ ಹಾಳೆ. ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುವ ಪ್ಲಾಸ್ಟರಣ್ಣ ಬೇರೆ ಆಸ್ಪತ್ರೆಗೆ ಹೊರಟಿದ್ದ, ಅವನ ಬೀಳ್ಕೊಡುಗೆ, ಊಟದ ಹಾಲಿನಲ್ಲಿ, ಮಧ್ಯಾಹ್ನ ಮೂರೂವರೆಗೆ, ಉಡುಗೊರೆಗೆ ಇಷ್ಟವಿದ್ದವರು ಕೊಡಬಹುದು. ಇಷ್ಟವಿದ್ದವರು ಕಡಿಮೆಯಿದ್ದರು. ಇಪ್ಪತ್ತಮೂರು ಹೆಸರಿಗೆ ಒಂಬತ್ತು ಟಿಕ್ಕು. ಅವನ ಹೆಸರಿನ ಮುಂದೆ ಎಲ್ಲರಿಗಿಂತ ದೊಡ್ಡ ಮೊತ್ತ, ಎಲ್ಲರಿಗಿಂತ ಮೊದಲು ಬರೆದದ್ದು. ಬರೆಯುವಾಗ ಧಾರಾಳವೆನಿಸಿದ್ದು ಈಗ ನೋಡಿದರೆ ತಪ್ಪೊಪ್ಪಿಗೆಯ ಹಾಗೆ ಕಾಣುತ್ತಿತ್ತು. ಯಾರಾದರೂ ಈ ಹಾಳೆಯನ್ನು ಸರಿಯಾಗಿ ಓದಿದ್ದರೆ ಸಾಕಿತ್ತು, ಅಂದುಕೊಂಡ.

"ಮುರಿದಿದೆಯಾ?" ಎಂದಳು ಮುದುಕಿ. ಪರದೆಯ ಮೇಲೆ ಮೂಳೆಯ ಅಡ್ಡಕ್ಕೆ ಕೂದಲೆಳೆಯಂಥ ಬಿರುಕು ಸ್ಪಷ್ಟವಾಗಿ ಕಾಣುತ್ತಿತ್ತು. "ಡಾಕ್ಟರ್ ಹೇಳ್ತಾರಮ್ಮ" ಎಂದ. ಅದೂ ಹತ್ತೊಂಬತ್ತು ವರ್ಷದ ಮಾತು. ಎಲ್ಲರಿಗಿಂತ ಮೊದಲು ನೋಡುವವನು ಅವನು. ಬಿರುಕು, ಕಲ್ಲು, ಶ್ವಾಸಕೋಶದಲ್ಲಿ ಬಿಳಿ ಮಚ್ಚೆ, ಮದುವೆಗೆ ಇನ್ನೆರಡು ವಾರವಿದೆ ಎನ್ನುವ ಹುಡುಗಿಯ ಬೆನ್ನಿನಲ್ಲಿ ಇರಬಾರದ ನೆರಳು, ಎಲ್ಲವನ್ನೂ ಮೊದಲು ಅವನೇ ನೋಡುತ್ತಿದ್ದ, ನೋಡಿ ಕವರಿಗೆ ಹಾಕಿ ಡಾಕ್ಟರ್ ಹೇಳ್ತಾರೆ ಎನ್ನುತ್ತಿದ್ದ. ನಿಯಮವೂ ಹಾಗೇ ಇತ್ತು. ಆದರೆ ನಿಯಮ ಹಾಗಿರದಿದ್ದರೂ ತಾನು ಹೇಳುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಉತ್ತರ ಕೊಡಬೇಕಾಗಿ ಬರುವುದೆಂದರೆ ಅವನಿಗೆ ಚಿಕ್ಕಂದಿನಿಂದಲೂ ಆಗಿಬರುತ್ತಿರಲಿಲ್ಲ.

ಬಹುಶಃ ಅದಕ್ಕೇ ಯಜಮಾನನಿಲ್ಲದ ನಾಣ್ಯ ಅವನಿಗೆ ಅಷ್ಟು ಹಿಡಿಸಿತ್ತು. ಅದರ ಸುದ್ದಿಯನ್ನು ಮೊದಲು ತಂದವನು ಪ್ಲಾಸ್ಟರಣ್ಣ, ಚಹಾದ ಮೇಜಿಗೆ, ಕೈಗೆ ಅಂಟಿದ ಬಿಳಿ ಪುಡಿಯನ್ನೂ ಒರೆಸಿಕೊಳ್ಳದೆ. ಅದಕ್ಕೆ ಮೊದಲು ನೌಕರರ ಕೈನೆರವಿನ ನಿಧಿ ಕಂಪನಿ ಡಾಲರು ಎಂಬ ಫೋನಿನ ನಾಣ್ಯದಲ್ಲಿತ್ತು. ತಮ್ಮ ನೋಟು ತಿಂಗಳು ತಿಂಗಳಿಗೆ ಸೋಪಿನ ಹಾಗೆ ಸವೆಯುತ್ತಿದ್ದಾಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಒಂದು ಕಂಪನಿ ಇದೆ, ಒಂದು ನಾಣ್ಯಕ್ಕೆ ಒಂದು ಡಾಲರನ್ನು ಬ್ಯಾಂಕಿನಲ್ಲಿಟ್ಟಿದ್ದೇವೆ ಎನ್ನುತ್ತದೆ, ನಂಬುತ್ತೀರಿ, ನಾಣ್ಯ ಫೋನಿನಲ್ಲಿ ಕೂತಿರುತ್ತದೆ. ಒಂದು ದಿನ ಆ ಕಂಪನಿ ಎಲ್ಲೋ ಒಂದು ಗುಂಡಿ ಒತ್ತಿ ನಿಧಿಯನ್ನು ಪೂರ್ತಿ ಅಲುಗದ ಹಾಗೆ ತಡೆದಿಟ್ಟಿತು. ಯಾರೋ ಒಬ್ಬರ ವಂತಿಗೆ ಅನುಮಾನದ ಖಾತೆಯೊಂದರಿಂದ ಸುತ್ತಿ ಬಂದಿತ್ತಂತೆ. ನಲವತ್ತು ದಿನ. ಬರೆದ ಪತ್ರಕ್ಕೆಲ್ಲ ಒಂದೇ ಉತ್ತರ, ನಿಮ್ಮ ಮನವಿ ನಮಗೆ ಅಮೂಲ್ಯ. ಅದೇ ನಲವತ್ತು ದಿನದೊಳಗೆ ಆಸ್ಪತ್ರೆಯ ಅಡುಗೆಯವರ ತಾಯಿ ತೀರಿಕೊಂಡರು, ನಿಧಿಯಿಂದ ಒಂದು ಕಾಸೂ ಹೊರಡಲಿಲ್ಲ. ಮಸಿ ಹಿಡಿದ ಕೈಯನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು ಅಡುಗೆಯವರು "ನಮ್ಮ ದುಡ್ಡಿಗೆ ಬೀಗ ಹಾಕೋಕೆ ಅವರ್ಯಾರು?" ಎಂದು ಕೇಳಿದ್ದರು.

"ಬೀಗ ಹಾಕೋರೇ ಇಲ್ಲದ್ದು ಒಂದಿದೆ" ಎಂದಿದ್ದ ಪ್ಲಾಸ್ಟರಣ್ಣ. ಚಹಾದ ಲೋಟಗಳನ್ನು ಸಾಲಾಗಿ ಇಟ್ಟು ವಿವರಿಸಿದ. ಇದಕ್ಕೆ ಕಂಪನಿಯಿಲ್ಲ. ನೂರರ ನಾಣ್ಯ ಬೇಕಾದವನು ನೂರೈವತ್ತು ಬೆಲೆಯ ಬೇರೇನಾದರೂ ಒತ್ತೆ ಇಡಬೇಕು. ಒತ್ತೆಯ ಬೆಲೆ ಕುಸಿದರೆ ಹರಾಜು. ಹರಾಜು ಹಾಕುವುದು ಮನುಷ್ಯ ಅಲ್ಲ, ಬರೆದಿಟ್ಟ ನಿಯಮ. "ಲಂಚ ಕೊಟ್ಟರೆ ಬಗ್ಗಲ್ಲ, ಅತ್ತರೆ ಕರಗಲ್ಲ. ಎಲ್ಲ ವ್ಯವಹಾರವೂ ಒಂದು ತೆರೆದ ಪುಸ್ತಕದಲ್ಲಿ. ಲೋಕದಲ್ಲಿ ಯಾರು ಬೇಕಾದ್ರೂ ತೆಗೆದು ನೋಡಬಹುದು. ನಂಬಬೇಡಿ, ನೋಡಿ. ಇದೊಂದೇ ಮಂತ್ರ."

ಬಟ್ಟೆಕೋಣೆಯ ಅಕ್ಕ, ಎಲ್ಲರ ಬಾಯಲ್ಲೂ ಬಟ್ಟೆಯಕ್ಕ, ಚಾದರಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಕೇಳಿದ್ದಳು: "ಅತ್ತರೂ ಕರಗದೇ ಇರೋದು ಒಳ್ಳೇದೋ ಕೆಟ್ಟದ್ದೋ ಅಣ್ಣ?" ಎಲ್ಲರೂ ನಕ್ಕರು. ಉಸಿರಪ್ಪನೂ ನಕ್ಕ. ಆದರೆ ಒಳಗೆ ಅವನಿಗೆ ಎಂಥದೋ ಬಿಡುಗಡೆಯಾದ ಹಾಗಾಗಿತ್ತು. ಯಾರೂ ಉತ್ತರ ಕೊಡಬೇಕಾಗಿಲ್ಲದ, ಯಾರ ಮುಖವನ್ನೂ ನೋಡಬೇಕಾಗಿಲ್ಲದ ಒಂದು ಏರ್ಪಾಟು! ಕೀಲಿಯನ್ನು, ಎಂದರೆ ಹನ್ನೆರಡು ಪದಗಳ ಒಂದು ಚೀಟಿಯನ್ನು, ಯಾರ ಹತ್ತಿರ ಇಡುವುದೆಂದು ಕೇಳಿದಾಗ ಎಲ್ಲರೂ ಅವನ ಕಡೆ ನೋಡಿದರು. ಮಾತು ಕಡಿಮೆಯಿರುವವನನ್ನು ಜನ ಸುಲಭವಾಗಿ ಪ್ರಾಮಾಣಿಕ ಎಂದುಕೊಳ್ಳುತ್ತಾರೆ. "ಒಬ್ಬನ ಹತ್ತಿರ ಬೇಡ" ಎಂದು ಪ್ಲಾಸ್ಟರಣ್ಣ ಒಬ್ಬನೇ ಹಟ ಹಿಡಿದ. ಮೂರು ಜನರ ಹತ್ತಿರ ಕೀಲಿ ಇರಲಿ, ಇಬ್ಬರು ಒಪ್ಪಿದರೆ ಮಾತ್ರ ದುಡ್ಡು ಅಲುಗಲಿ, ಅದಕ್ಕೂ ಏರ್ಪಾಟಿದೆ, ನೀನೇ ಮಾಡಿಬಿಡು ಉಸಿರಪ್ಪ. ಮಾಡ್ತೀನಣ್ಣ ಎಂದ. ಮುಂದಿನ ವಾರ ಎಂದ. ಮಗಳ ಪರೀಕ್ಷೆ ಮುಗಿಯಲಿ ಎಂದ. ಒಂದು ವರ್ಷ ಮುಂದಿನ ವಾರಗಳಲ್ಲೇ ಕಳೆಯಿತು, ಯಜಮಾನನಿಲ್ಲದ ನಾಣ್ಯಕ್ಕೆ ಅವನೊಬ್ಬನೇ ಯಜಮಾನನಾಗಿ ಉಳಿದ. ಬೇಕೆಂದೇ ಮಾಡದೆ ಉಳಿದನೇ? ಈಗ ಯೋಚಿಸಿದರೆ ಅವನಿಗೇ ಖಾತ್ರಿಯಿಲ್ಲ. ಒಮ್ಮೊಮ್ಮೆ ಕೆಲಸದ ನಡುವೆ ಫೋನು ತೆಗೆದು ಆ ಮೊತ್ತವನ್ನು ಸುಮ್ಮನೆ ನೋಡುತ್ತಿದ್ದ. ನೋಡಿದರೆ ಬೆನ್ನು ನೆಟ್ಟಗಾಗುತ್ತಿತ್ತು.

ಮುದುಕಿ ಕವರು ಹಿಡಿದು ಹೋದಮೇಲೆ ಮೆಟ್ಟಿಲಿನಿಂದ ಬಿದ್ದ ಗುಮಾಸ್ತ ಬಂದ, ನಾಣ್ಯ ನುಂಗಿದ ಮಗು ಬಂತು. ಮಗುವಿನ ಹೊಟ್ಟೆಯಲ್ಲಿ ದುಂಡಗೆ, ಬೆಳ್ಳಗೆ, ಅಂಚು ಸ್ವಲ್ಪವೂ ಮಸುಕಾಗದೆ ಅದು ಕೂತಿತ್ತು. "ಸಿಗುತ್ತಾ ವಾಪಸ್ಸು?" ಎಂದು ಮಗುವಿನ ತಂದೆ ಕೇಳಿದ, ಕೇಳಿ ತಾನೇ ನಾಚಿಕೊಂಡು "ಅಂದ್ರೆ, ಮಗುಗೆ ಏನೂ ಆಗಲ್ಲ ತಾನೆ" ಎಂದ. ಡಾಕ್ಟರ್ ಹೇಳ್ತಾರೆ.

ಏಳು ತಿಂಗಳ ಹಿಂದಿನ ಆ ಶನಿವಾರ ಅವನು ಚಪ್ಪಲಿ ಅಂಗಡಿಯಲ್ಲಿದ್ದ. ಹೆಂಡತಿ ಮಗಳಿಗೆ ಶೂ ಆರಿಸುತ್ತಿದ್ದಳು, ಹಾಗೇ "ರೀ, ನೀವೂ ಒಂದು ತಗೊಳ್ಳಿ, ಆ ಹಳೇದು ನೋಡೋಕಾಗಲ್ಲ" ಎಂದಳು. ಅವನು ಬಲಗಾಲಿನ ಕಾಲುಚೀಲ ಕಳಚಿ ಅಳತೆಯ ಹಲಗೆಯ ಮೇಲೆ ಪಾದ ಇಟ್ಟಿದ್ದ. ಹಿಂದಿನ ಸಂಜೆಯಿಂದ ಸುದ್ದಿ ಹರಿದಾಡುತ್ತಿತ್ತು. ಕಂಪನಿ ಡಾಲರಿನ ಡಾಲರುಗಳಿದ್ದ ಬ್ಯಾಂಕು ಮುಳುಗಿತಂತೆ, ಕಂಪನಿ ಡಾಲರು ಜಾರುತ್ತಿದೆಯಂತೆ. ಜಾರಲಿ, ನಮ್ಮದು ಬೇರೆ ತಾನೆ, ಅಂದುಕೊಂಡೇ ನಿದ್ದೆ ಮಾಡಿದ್ದ. ಬೆಳಗ್ಗೆ ನೋಡಿದರೆ ಅವರ ನಾಣ್ಯವೂ ಜಾರುತ್ತಿತ್ತು. ಯಾಕೆಂದರೆ ಯಜಮಾನನಿಲ್ಲದ ಆ ನಾಣ್ಯ, ಯಾರೂ ಗಮನಿಸದ ಹಾಗೆ, ಅದರ ನಿಯಮ ತಿದ್ದಲು ಮತ ಹಾಕುವವರೆಲ್ಲ ಸೇರಿ ಒಪ್ಪಿದ ಮೇಲೆ, ಕಂಪನಿ ಡಾಲರನ್ನೇ ಒತ್ತೆಯಾಗಿ ತೆಗೆದುಕೊಳ್ಳತೊಡಗಿತ್ತು. ಏರಿಳಿತವಿಲ್ಲದ ಒತ್ತೆ ಸಿಕ್ಕರೆ ಯಾರಿಗೆ ಬೇಡ? ಹೆಸರಿಗೆ ಬೇರೆ ಮನೆ, ತಳಪಾಯ ಪಕ್ಕದವನದೇ. ನೂರರ ನಾಣ್ಯ ಈಗ ತೊಂಬತ್ತು. ಎಂಬತ್ತೆರಡು. ಅಂಗಡಿಯವನು ಮೊಣಕಾಲೂರಿ ಕೂತು ಅವನ ಹಿಮ್ಮಡಿಯನ್ನು ಹಿಡಿದು ಸರಿಮಾಡುತ್ತಿದ್ದ. ಎಪ್ಪತ್ತು. ಬೇರೊಬ್ಬರ ಕೈ ತನ್ನ ಪಾದವನ್ನು ಅಷ್ಟು ಮೆತ್ತಗೆ ಹಿಡಿದಿರುವಾಗ ಇಪ್ಪತ್ತಮೂರು ಜನರ ದುಡ್ಡು ಕೈಯಲ್ಲೇ ಕರಗುವುದನ್ನು ನೋಡುವುದು ಅವನಿಗೆ ಅಸಹ್ಯವಾಗಿ ಕಂಡಿತು. ಎಲ್ಲ ಹೋದರೆ ಎಲ್ಲರೂ ತನ್ನ ಕಡೆಗೇ ತಿರುಗುತ್ತಾರೆ. ಯಾರನ್ನಾದರೂ ಕೇಳಬಹುದಿತ್ತು. ಬೆರಳು ಪ್ಲಾಸ್ಟರಣ್ಣನ ಹೆಸರಿನ ಮೇಲೆ ಹೋಗಿ ನಿಂತಿತ್ತು ಕೂಡ. ಆದರೆ ಕೇಳಿದರೆ ಅವನು ಬೇಡ ಎನ್ನುತ್ತಾನೆ, ಬೇಡ ಎಂದಮೇಲೆ ಮಾರುವ ಹಾಗಿಲ್ಲ. ಅರವತ್ತೊಂದು. ಮಾರಿಬಿಟ್ಟ. ಪೂರ್ತಿ. "ಬಿಗಿ ಆಯ್ತಾ ಸರ್?" ಎಂದ ಅಂಗಡಿಯವನು. "ಸರಿಯಾಗಿದೆ" ಎಂದ ಇವನು, ಹೆಬ್ಬೆರಳು ಮಡಿಸಿಕೊಂಡಿದ್ದರೂ.

ಇಪ್ಪತ್ತು ನಿಮಿಷದ ಮೇಲೆ, ಹೊಸ ಶೂ ಹಾಕಿಕೊಂಡು ರಸ್ತೆಗಿಳಿದಾಗ, ಪ್ಲಾಸ್ಟರಣ್ಣನ ಫೋನು. "ಮುಟ್ಟಬೇಡ ಕಣೋ. ಎರಡು ದಿನ ಕೈಕಟ್ಟಿಕೊಂಡು ಕೂತುಬಿಡು. ಬ್ಯಾಂಕಿಗೆ ಸರ್ಕಾರ ಏನಾದ್ರೂ ಮಾಡೇ ಮಾಡುತ್ತೆ, ಸೋಮವಾರ ವಾಪಸ್ ಬರುತ್ತೆ ನೋಡ್ತಿರು. ಮುಟ್ಟಿಲ್ಲ ತಾನೆ?" ಎದುರಿಗೆ ಮಗಳು ಹೊಸ ಶೂ ಹಾಕಿಕೊಂಡು ಕಲ್ಲಿಂದ ಕಲ್ಲಿಗೆ ಹಾರುತ್ತಿದ್ದಳು. "ಇಲ್ಲಣ್ಣ, ಮುಟ್ಟಿಲ್ಲ." ಸೋಮವಾರ ಅದು ತೊಂಬತ್ತೊಂಬತ್ತಕ್ಕೆ ಬಂತು, ಮಂಗಳವಾರ ನೂರಕ್ಕೆ. ಏನೂ ಆಗಿಯೇ ಇಲ್ಲವೆನ್ನುವ ಹಾಗೆ.

ಮಂಗಳವಾರ ಚಹಾದ ಹೊತ್ತಿಗೆ ಅವನು ಹೇಳಿದ್ದು ಒಂದೇ ವಾಕ್ಯ. ನಿಧಿಯನ್ನು ಇಟ್ಟಿದ್ದ ಸಾಮೂಹಿಕ ಕೊಳ, ಎಂದರೆ ಹಲವರ ನಾಣ್ಯವನ್ನು ಒಟ್ಟಿಗೆ ಬಡ್ಡಿಗೆ ಬಿಡುವ ಏರ್ಪಾಟು, ಬೆಲೆ ಬಿದ್ದಾಗ ತಾನೇ ಮಾರಿಬಿಟ್ಟಿದೆ, ನಿಯಮ ಹಾಗಂತೆ. ಆ ಕೊಳದಲ್ಲಿ ಇಟ್ಟರೆ ನಾಲ್ಕು ಕಾಸು ಬೆಳೆಯುತ್ತದೆ ಎಂದು ಹೇಳಿದ್ದವನು ಪ್ಲಾಸ್ಟರಣ್ಣ. ಯಾರೂ ಕಿರುಚಲಿಲ್ಲ. ಪ್ಲಾಸ್ಟರಣ್ಣನ ಮುಖದಿಂದ ರಕ್ತ ಇಳಿದುಹೋದದ್ದನ್ನು ಉಸಿರಪ್ಪ ನೋಡಿದ. "ನಿಯಮ ಓದಿದ್ನಲ್ಲ ನಾನು" ಎಂದು ಅವನು ಎರಡು ಸಲ ಹೇಳಿದ. "ಓದಿದ್ದೆ ನಾನು." ಆಗಲೇ ಹೇಳಿಬಿಡಬಹುದಿತ್ತು. ಮರುದಿನ ಹೇಳಬಹುದಿತ್ತು. ಉಳಿದಷ್ಟನ್ನು ಎಲ್ಲರಿಗೂ ಹಂಚಿ ನಿಧಿ ಮುಚ್ಚಿದ ದಿನ ಹೇಳಬಹುದಿತ್ತು. ಬಟ್ಟೆಯಕ್ಕ ವಿದ್ಯುತ್ ಹೊಲಿಗೆಯಂತ್ರಕ್ಕೆ ಮುಂಗಡ ಕೊಟ್ಟು ನಿಧಿಯ ನೆರವಿಗೆ ಕಾಯುತ್ತಿದ್ದಳು. ಅಂಗಡಿಯವನು ಯಂತ್ರಕ್ಕೆ ಅಂಟಿಸಿದ್ದ ಅವಳ ಹೆಸರಿನ ಚೀಟಿ ಕಿತ್ತು ಬೇರೆಯವರಿಗೆ ಕೊಟ್ಟ ದಿನ ಹೇಳಬಹುದಿತ್ತು. ಅವಳು ಆವತ್ತಿನಿಂದ ಪ್ಲಾಸ್ಟರಣ್ಣನ ಜೊತೆ ಮಾತು ಬಿಟ್ಟಳು. ಚಾದರ ಕೊಡುವಾಗ ಕಿಟಕಿಯಿಂದ ಕೈ ಮಾತ್ರ ಹೊರಗೆ ಬರುತ್ತಿತ್ತು. ಚಹಾದ ಮೇಜಿನಲ್ಲಿ ಅಡುಗೆಯವರು, "ನಮ್ಮ ಪ್ಲಾಸ್ಟರಣ್ಣಂಗೆ ಮುರಿದದ್ದು ಕೂಡಿಸೋದಷ್ಟೇ ಗೊತ್ತು ಅಂದ್ಕೊಂಡಿದ್ವಿ, ಕೂಡಿಟ್ಟಿದ್ದು ಮುರಿಯೋದೂ ಗೊತ್ತಂತೆ" ಎಂದಾಗ ಎಲ್ಲರ ಜೊತೆ ಉಸಿರಪ್ಪನೂ ನಕ್ಕ. ಆ ನಗುವಿನ ಸದ್ದು ಅವನಿಗೆ ಈಗಲೂ ಕೇಳಿಸುತ್ತದೆ. ಬೇರೆಯವರಿಗಿಂತ ಅರೆಗಳಿಗೆ ತಡವಾಗಿ ಶುರುವಾಗಿ, ಬೇರೆಯವರಿಗಿಂತ ಅರೆಗಳಿಗೆ ತಡವಾಗಿ ನಿಂತ ನಗು.

ಬೀಳ್ಕೊಡುಗೆಯ ದಿನ ಹನ್ನೆರಡೂವರೆಗೆ ಬಾಗಿಲು ತೆರೆದು ಪ್ಲಾಸ್ಟರಣ್ಣನೇ ಬಂದ. ಕೈಯಲ್ಲಿ ಒಂದು ಫಾರಂ. ಹೊಸ ಆಸ್ಪತ್ರೆಯವರು ಎದೆಯ ಎಕ್ಸ್‌ರೇ ಕೇಳಿದ್ದಾರೆ, ಇಲ್ಲೇ ತೆಗೆಸಿಕೊಂಡು ಹೋಗ್ತೀನಿ, ಅಲ್ಲಿಯವರು ಉಸಿರು ಹಿಡಿಸೋದು ನಿನ್ನಷ್ಟು ಚೆನ್ನಾಗಿರುತ್ತೋ ಇಲ್ಲವೋ, ಎಂದು ನಕ್ಕ. ಅಂಗಿ ಬಿಚ್ಚಿ ಮೊಳೆಗೆ ಹಾಕಿದ. ಇಷ್ಟು ವರ್ಷದಲ್ಲಿ ಉಸಿರಪ್ಪ ಅವನ ಬರಿಮೈ ನೋಡಿರಲಿಲ್ಲ. ತೋಳಿನ ತನಕ ಗಟ್ಟಿಮುಟ್ಟಾಗಿದ್ದು, ಎದೆಗೆ ಬರುವ ಹೊತ್ತಿಗೆ ಮುದುಕನಾಗಿಬಿಟ್ಟಿದ್ದ. ಪಕ್ಕೆಲುಬುಗಳನ್ನು ಎಣಿಸಲು ಯಂತ್ರ ಬೇಕಿರಲಿಲ್ಲ. ಫಲಕಕ್ಕೆ ಎದೆ ಒತ್ತಿ, ಗದ್ದ ಮೇಲಿಟ್ಟು, ಭುಜ ಮುಂದೆ ಚಾಚಿ, ಹೇಳಿದ ಹಾಗೆಲ್ಲ ಮಗುವಿನಂತೆ ನಿಂತ. ಉಸಿರಪ್ಪ ಅವನ ಭುಜ ಹಿಡಿದು ಸರಿಮಾಡುವಾಗ ಬೆರಳಿಗೆ ತಣ್ಣನೆಯ ಚರ್ಮ ತಾಗಿತು.

"ಉಸಿರು ಎಳ್ಕೊಳ್ಳಿ ಅಣ್ಣ. ಹಿಡ್ಕೊಳ್ಳಿ."

ಗುಂಡಿ ಒತ್ತಿದ. ಚಿತ್ರ ಮೂಡಿತು. ಪಕ್ಕೆಲುಬಿನ ಪಂಜರ, ಎರಡು ಕಪ್ಪು ಶ್ವಾಸಕೋಶ, ನಡುವೆ ಎಡಕ್ಕೆ ವಾಲಿದ ಹೃದಯದ ನೆರಳು. ಅದನ್ನೇ ನೋಡುತ್ತ ನಿಂತ. ಏಳು ತಿಂಗಳಿಂದ ಇದರೊಳಗೆ ಏನು ಕೂತಿತ್ತು ಎಂಬುದು ಇಲ್ಲೆಲ್ಲೂ ಕಾಣುತ್ತಿಲ್ಲವಲ್ಲ, ಅಂದುಕೊಂಡ. ಎಷ್ಟು ಹೊತ್ತಾಯಿತೋ. ಆ ಕಡೆಯಿಂದ ಪಟ್ಟನೆ ಗಾಳಿ ಹೊರಬಿದ್ದ ಸದ್ದು, ಹಿಂದೆಯೇ ಕೆಮ್ಮು. "ಬಿಡಿ ಅಂತ ಹೇಳೋದಲ್ವೇನೋ? ಹೋಗೋ ದಿನ ಸಾಯಿಸಿ ಕಳಿಸ್ತೀಯಾ?"

"ಅಣ್ಣ, ಕೊಳ ಮಾರಲಿಲ್ಲ."

"ಯಾವ ಕೊಳ?"

"ನಮ್ಮ ನಿಧಿ. ಕೊಳ ಮಾರಿದ್ದಲ್ಲ. ನಾನು ಮಾರಿದೆ. ಶನಿವಾರ ಬೆಳಗ್ಗೆ."

ಪ್ಲಾಸ್ಟರಣ್ಣ ಮೊಳೆಯಿಂದ ಅಂಗಿ ತೆಗೆದುಕೊಂಡು ಒಂದು ತೋಳು ಹಾಕಿದವನು ಹಾಗೇ ನಿಂತ. "ನಾನು ಹನ್ನೊಂದಕ್ಕೆ ಫೋನ್ ಮಾಡಿದ್ನಲ್ಲ."

"ಅದಕ್ಕೆ ಇಪ್ಪತ್ತು ನಿಮಿಷ ಮುಂಚೆ."

"ಮುಟ್ಟಿಲ್ಲ ಅಂದೆ."

"ಅಂದೆ."

ಹೊರಗೆ ಯಾರದೋ ಗಾಲಿಕುರ್ಚಿ ಕಿರುಗುಟ್ಟುತ್ತ ಹೋಯಿತು. ಆಮೇಲೆ ಉಸಿರಪ್ಪನ ಬಾಯಿಂದ, ಅವನಿಗೇ ಗೊತ್ತಿಲ್ಲದ ಹಾಗೆ, ಒಂದು ನೀಚ ಮಾತು ಹೊರಟಿತು. "ನೀವು ಆ ಪುಸ್ತಕ ತೆಗೆದು ನೋಡಬಹುದಿತ್ತಲ್ಲ ಅಣ್ಣ. ಎಲ್ಲ ತೆರೆದೇ ಇತ್ತು."

"ನೀನು ಹೇಳಿದ ಮೇಲೆ ನಾನ್ಯಾಕೋ ನೋಡ್ಲಿ?"

ಅವನು ಕೋಪದಿಂದ ಕೇಳಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ. ಗುಂಡಿಗಳನ್ನು ಒಂದೊಂದಾಗಿ, ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡ. "ಆ ನಿಯಮಾನ ಎಷ್ಟು ಸಲ ಓದಿದೀನಿ ಗೊತ್ತಾ? ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ಕೊನೆಗೆ ನನ್ನ ತಲೆಯೇ ಕೆಟ್ಟಿದೆ, ವಯಸ್ಸಾಯ್ತು ಅಂದ್ಕೊಂಡೆ. ಮೊನ್ನೆ ಒಂದು ಕಾಲಿಗೆ ಪ್ಲಾಸ್ಟರ್ ಹಾಕೋವಾಗ ಮೂರು ಸಲ ಚೀಟಿ ನೋಡಿದೆ, ಎಡಗಾಲೋ ಬಲಗಾಲೋ ಅಂತ. ಎದುರಿಗೇ ಇದೆ ಊದಿರೋ ಕಾಲು!" ಕಾಲರು ಸರಿಮಾಡಿಕೊಂಡ. "ಚಿತ್ರ ಸರಿ ಬಂತಾ?"

"ಬಂತು."

"ಏನಾದ್ರೂ ಇದೆಯಾ?"

ಡಾಕ್ಟರ್ ಹೇಳ್ತಾರೆ ಎಂಬುದು ನಾಲಗೆಯ ತುದಿಗೆ ಬಂದಿತ್ತು. "ಏನೂ ಇಲ್ಲ ಅಣ್ಣ. ಚೆನ್ನಾಗಿದೆ."

"ನನಗೆ ಹೇಳಿ ಏನು ಬಂತು. ಅವರಿಗೆ ಹೇಳು" ಎಂದು ಫಾರಂ ಮಡಚಿಕೊಂಡು ಪ್ಲಾಸ್ಟರಣ್ಣ ಹೊರಟುಹೋದ.

ಊಟದ ಹಾಲಿನಲ್ಲಿ ಮೂರೂವರೆಗೆ ಹನ್ನೊಂದು ಜನ ಸೇರಿದ್ದರು, ಕುರ್ಚಿ ಮೂವತ್ತಿತ್ತು. ನೆಲ ಒರೆಸಿದ ನೀರಿನ ವಾಸನೆ ಇನ್ನೂ ಹೋಗಿರಲಿಲ್ಲ. ದೊಡ್ಡ ಸಿಸ್ಟರ್ ಒಂದು ಗೋಡೆಗಡಿಯಾರವನ್ನು ಬಣ್ಣದ ಕಾಗದದಲ್ಲಿ ಸುತ್ತಿ ತಂದಿದ್ದರು. ಸುತ್ತಿದ್ದರೂ ಒಳಗೆ ಅದು ಟಿಕ್ ಟಿಕ್ ಎನ್ನುತ್ತಿತ್ತು. ಬಟ್ಟೆಯಕ್ಕ ಒಳಗೆ ಬಂದಿರಲಿಲ್ಲ. ಬಾಗಿಲಿನ ಹೊರಗೆ, ಚಾದರದ ಗಾಡಿಯ ಪಕ್ಕ, ದಾರಿಯಲ್ಲಿ ಹೋಗುತ್ತಿದ್ದವಳು ನಿಂತ ಹಾಗೆ ನಿಂತಿದ್ದಳು. ದೊಡ್ಡ ಸಿಸ್ಟರ್ ನಾಲ್ಕು ಮಾತು ಆಡಿದರು, ಇಪ್ಪತ್ತಾರು ವರ್ಷದ ಸೇವೆ, ಸಾವಿರಾರು ಕೈಕಾಲು. ಯಾರಾದ್ರೂ ಮಾತಾಡ್ತೀರಾ ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. ಉಸಿರಪ್ಪ ಎದ್ದ. ಮಂಡಿ ಮೇಜಿಗೆ ತಾಗಿ ಲೋಟಗಳು ಅಲುಗಿದವು.

"ನಮ್ಮ ನಿಧಿ ಹೋಯ್ತಲ್ಲ, ಅದು ಅಣ್ಣನಿಂದ ಹೋದದ್ದಲ್ಲ" ಎಂದ. "ನಾನು ಮಾರಿದ್ದು. ಯಾರನ್ನೂ ಕೇಳದೆ ಮಾರಿದೆ. ಇವರು ಮಾರಬೇಡ ಅಂತಲೇ ಅಂದಿದ್ದು. ಎರಡು ದಿನ ಸುಮ್ಮನಿದ್ದಿದ್ರೆ ಒಂದು ಕಾಸೂ ಹೋಗ್ತಿರಲಿಲ್ಲ. ಆಮೇಲೆ ನಿಮಗೆಲ್ಲ ಸುಳ್ಳು ಹೇಳಿದೆ."

ಅವನು ಕಾದ. ಏಳು ತಿಂಗಳಿಂದ ಈ ಕ್ಷಣವನ್ನು ಅವನು ಎಷ್ಟೋ ರೀತಿಯಲ್ಲಿ ಕಲ್ಪಿಸಿಕೊಂಡಿದ್ದ. ಬೈಗುಳ, ಕಪಾಳಕ್ಕೆ ಏಟು, ಮುಖ ತಿರುಗಿಸಿಕೊಂಡು ಹೋಗುವ ಬೆನ್ನುಗಳು. ಅಡುಗೆಯವರು ಗಂಟಲು ಸರಿಮಾಡಿಕೊಂಡರು. "ಹೋಗಲಿ ಬಿಡಪ್ಪ. ಹೋಗೋ ಮನುಷ್ಯನ ಮರ್ಯಾದೆ ಉಳಿಸೋಕೆ ನೀನು ಮೈಮೇಲೆ ಹಾಕ್ಕೋತೀಯ, ನಮಗೆ ಗೊತ್ತಾಗಲ್ವಾ? ನಾವೂ ಆಗಲೇ ಮರೆತಿದೀವಿ."

"ಇಲ್ಲ, ನಿಜವಾಗ್ಲೂ ನಾನೇ. ಪುಸ್ತಕದಲ್ಲಿ ಗಂಟೆ ನಿಮಿಷ ಸಮೇತ ಇದೆ. ಯಾರು ಬೇಕಾದ್ರೂ ನೋಡಬಹುದು."

"ನಮಗೆ ಅದೆಲ್ಲ ಎಲ್ಲಿ ಅರ್ಥ ಆಗುತ್ತೆ" ಎಂದು ಯಾರೋ ಅಂದರು. ದೊಡ್ಡ ಸಿಸ್ಟರ್ ಕಣ್ಣು ಒದ್ದೆಮಾಡಿಕೊಂಡು ಅವನ ಕೈ ಹಿಡಿದು ಅದುಮಿದರು. "ಎಂಥ ದೊಡ್ಡ ಮನಸ್ಸು ನಿಮ್ಮದು, ಉಸಿರಪ್ಪನವರೇ." ಚಪ್ಪಾಳೆ ಬಿತ್ತು. ಹನ್ನೊಂದು ಜನರ ತೆಳ್ಳನೆಯ ಚಪ್ಪಾಳೆ, ಅವನಿಗೆ. ಪ್ಲಾಸ್ಟರಣ್ಣ ಏನೋ ಹೇಳಲು ಬಾಯಿ ತೆರೆದ. ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದ. ಈಗ ತಾನು ಹೌದು ಅವನು ಹೇಳಿದ್ದು ನಿಜ ಎಂದರೆ ಅದು ಹೇಗೆ ಕಾಣುತ್ತದೆ ಎಂಬುದು ಅವನಿಗೆ ಹೊಳೆದದ್ದು ಉಸಿರಪ್ಪನಿಗೂ ಕಾಣಿಸಿತು. ಬಾಯಿ ಮುಚ್ಚಿದ. "ನಾಲ್ಕೂಕಾಲಿಗೆ ಬಸ್ಸು" ಎಂದು ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ. ಹಾದುಹೋಗುವಾಗ ಉಸಿರಪ್ಪನ ಭುಜ ತಟ್ಟಿದ. ಅದು ಕ್ಷಮೆಯೋ, ದಾರಿ ಬಿಡು ಎಂದದ್ದೋ ಇವನಿಗೆ ತಿಳಿಯಲಿಲ್ಲ.

ಎಕ್ಸ್‌ರೇ ಕೋಣೆಗೆ ವಾಪಸ್ಸು ಬಂದು ಕೂತ. ಹೇಳಿಬಿಟ್ಟೆನಲ್ಲ ಎಂಬ ಹಗುರ ಎಲ್ಲಾದರೂ ಇದೆಯೇ ಎಂದು ಒಳಗೆ ತಡಕಾಡಿದ. ಇರಲಿಲ್ಲ. ಸುಳ್ಳನ್ನು ಅಷ್ಟು ಸುಲಭವಾಗಿ ನಂಬಿದ ಜನ ನಿಜವನ್ನು ಮುದ್ದುಮಾಡಿ ಬದಿಗಿಟ್ಟಿದ್ದರು. ಬಾಗಿಲು ಬಡಿಯದೆ ತೆರೆಯಿತು. ಬಟ್ಟೆಯಕ್ಕ ಒಳಗೆ ಬಂದು ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತಳು.

"ತೋರಿಸು."

"ಏನಕ್ಕ?"

"ಅದೇ, ಪುಸ್ತಕ. ಗಂಟೆ ನಿಮಿಷ ಇದೆ ಅಂದ್ಯಲ್ಲ."

"ನೀವು ನನ್ನ ಮಾತು ನಂಬ್ತೀರಾ?"

"ನಿನ್ನ ಮುಖ ನೋಡಿದೆ. ದೊಡ್ಡ ಮನಸ್ಸಿನ ಮುಖ ಅಲ್ಲ ಅದು" ಎಂದಳು. "ತೋರಿಸು."

ಅವನು ಫೋನು ತೆಗೆದ. ಸಾಲು ಸಾಲು ಅಂಕಿಗಳು, ಅರ್ಥವಿಲ್ಲದ ಉದ್ದುದ್ದ ಅಕ್ಷರಮಾಲೆಗಳು. ಇದು ನಮ್ಮ ನಿಧಿಯ ವಿಳಾಸ, ಇದು ಹೊರಗೆ ಹೋದದ್ದು, ಇದು ಒಳಗೆ ಬಂದದ್ದು, ಇದು ದಿನ, ಇದು ಹೊತ್ತು, ಎಂದು ತೋರಿಸಿದ. ಕ್ಲೋರಿನ್ನಿಗೆ ಸುಕ್ಕಾದ ಬೆರಳನ್ನು ಪರದೆಗೆ ತಾಗಿಸದೆ ಒಂದು ಕೂದಲಿನಷ್ಟು ಮೇಲೆ ಹಿಡಿದು ಅವಳು ಸಾಲಿನಿಂದ ಸಾಲಿಗೆ ಇಳಿದಳು. "ಇಷ್ಟೇನಾ? ನನ್ನ ಚಾದರದ ಪುಸ್ತಕ ಇದಕ್ಕಿಂತ ಕಷ್ಟ" ಎಂದಳು. ಬೆರಳು ನಿಂತಿತು. "ಶನಿವಾರ, ಹತ್ತು ನಲವತ್ತು. ಪೂರ್ತಿ ಹೊರಗೆ. ಇದೇ?"

"ಅದೇ."

"ಕೊಳ ಮಾರಿದ್ರೆ ಹೇಗೆ ಕಾಣ್ತಿತ್ತು?"

"ಇಲ್ಲಿ ಕೊಳದ ವಿಳಾಸ ಇರ್ತಿತ್ತು. ಇದು ನಮ್ಮ ಕೀಲಿಯ ಗುರುತು. ನನ್ನದು."

ಅವಳು ಅದನ್ನೇ ಬಹಳ ಹೊತ್ತು ನೋಡಿದಳು. ಹೊಲಿಗೆಯಂತ್ರದ ಮಾತು ತೆಗೆಯುತ್ತಾಳೆ ಎಂದು ಅವನು ಮೈ ಬಿಗಿಹಿಡಿದ. ಅವಳು ತೆಗೆಯಲಿಲ್ಲ. "ಆವತ್ತು ಬೆಳಗ್ಗೆ ನೀನು ನನ್ನ ಕೇಳಿದ್ರೆ" ಎಂದಳು ನಿಧಾನವಾಗಿ, "ನಾನೂ ಮಾರು ಅಂತಲೇ ಅಂತಿದ್ದೆ. ಅಷ್ಟಾದ್ರೂ ಉಳೀಲಿ, ಮಾರಿಬಿಡು ಅಂತಿದ್ದೆ. ಅಡುಗೆಯವರೂ ಅಂತಿದ್ರು. ಆಗ ಅದು ನಮ್ಮೆಲ್ಲರ ತಪ್ಪಾಗ್ತಿತ್ತು, ಒಂದು ವಾರ ಅತ್ತು ಸುಮ್ಮನಾಗ್ತಿದ್ವಿ. ಕೇಳಲಿಲ್ವಲ್ಲೋ."

ಎಲ್ಲರನ್ನೂ ಕೇಳುವುದು ಅಷ್ಟು ಸುಲಭವಿತ್ತೆಂಬುದು ಅವನಿಗೆ ಆ ದಿನ ಹೊಳೆದೇ ಇರಲಿಲ್ಲ.

"ಏಳು ತಿಂಗಳು ಆ ಮನುಷ್ಯನ ಜೊತೆ ನಾನು ಮಾತಾಡಿಲ್ಲ" ಎಂದಳು ಬಟ್ಟೆಯಕ್ಕ. "ಒಂದು ದಿನ ಕಿಟಕಿ ಹತ್ತಿರ ಬಂದು ಅಮ್ಮಾ ಅಂದ. ಚಾದರ ಎಸೆದು ಕಿಟಕಿ ಹಾಕ್ಕೊಂಡೆ. ಅದು ಈ ಪುಸ್ತಕದಲ್ಲಿ ಇದೆಯಾ?" ಅವಳು ಎದ್ದು ಗೋಡೆಯ ಮೇಲಿನ ಹೊತ್ತು ನೋಡಿದಳು. ನಾಲ್ಕೂವರೆಯಾಗಿತ್ತು. "ಫೋನ್ ಹಚ್ಚು ಅವನಿಗೆ. ನಿನ್ನದರಿಂದಲೇ. ನನ್ನ ನಂಬರ್ ನೋಡಿದ್ರೆ ಎತ್ತಲಾರ."

ಅವನು ಹಚ್ಚಿದ. ನಾಲ್ಕು ಸಲ ರಿಂಗಾಗಿ ಆ ಕಡೆಯಿಂದ "ಹೇಳು" ಎಂಬ ದನಿ ಬಂತು, ಬಸ್ಸಿನ ಗದ್ದಲದ ನಡುವೆ. ಅವನು ಏನೂ ಹೇಳದೆ ಫೋನನ್ನು ಅವಳ ಕೈಗೆ ಕೊಟ್ಟ. ಇಡೀ ವಾರ್ಡಿಗೆ ಕೇಳಿಸುವ ಹಾಗೆ ಮಾತಾಡುವವಳು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಳು, ತುಟಿ ಅಲುಗಿತು, ಮಾತು ಬರಲಿಲ್ಲ. ಆ ಕಡೆಯವನು ಹಲೋ ಹಲೋ ಎನ್ನುತ್ತಿದ್ದ. ಕೊನೆಗೆ, ತೀರ ಸಣ್ಣ ದನಿಯಲ್ಲಿ, "ಅಣ್ಣ, ನಾನು" ಎಂದಳು. ಆಮೇಲೆ, "ಕೂರೋಕೆ ಸೀಟು ಸಿಕ್ತಾ?" ಎಂದಳು.

ಅವನು ಏನು ಹೇಳಿದನೋ ಉಸಿರಪ್ಪನಿಗೆ ಕೇಳಿಸಲಿಲ್ಲ. ಬಟ್ಟೆಯಕ್ಕ ಇವನಿಗೆ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿಕೊಂಡು, ಹ್ಞೂಂ, ಹ್ಞೂಂ ಎನ್ನುತ್ತ ತಲೆಯಾಡಿಸುತ್ತಿದ್ದಳು. ಒಂದು 'ಹ್ಞೂಂ'ನಲ್ಲಿ ನಗುವಿತ್ತು. ಆ ಮಾತಿನಲ್ಲಿ ತನಗೆ ಜಾಗವಿಲ್ಲವೆಂದು ಅವನಿಗೆ ಗೊತ್ತಾಯಿತು. ಅವನು ಸದ್ದಾಗದ ಹಾಗೆ ಬಾಗಿಲು ತೆರೆದು ಹೊರಗೆ ಬಂದು, ರೋಗಿಗಳ ಬೆಂಚಿನ ಮೇಲೆ, ಕವರು ಹಿಡಿದು ಕಾಯುತ್ತಿದ್ದ ಇಬ್ಬರ ನಡುವೆ ಕೂತ.